ಅಜಬ್ ಬಂಗಲೆಯೂ ನಮ್ಮ ಅಲಮಾರಿಯೂ

ನಮ್ಮ ಸಂಘದ ಕೋಣೆಯಲ್ಲಿ, ಈ ಮಾಸಿಕದ ಹಳೆಯ ಸಂಚಿಕೆಗಳ ಕಟ್ಟುಗಳ ಪಕ್ಕದಲ್ಲಿ, ಹಸಿರು ಬಣ್ಣದ ಒಂದು ಕಬ್ಬಿಣದ ಅಲಮಾರಿ ಇರುವುದನ್ನು ಓದುಗರಲ್ಲಿ ಬಹಳ ಮಂದಿ ನೋಡಿರಬಹುದು. ಅದರೊಳಗೆ ಏನಿದೆಯೆಂಬುದನ್ನು ನೋಡಿದವರು ಕಡಿಮೆ. ಕಳೆದ ಕಾರ್ಯಕಾರಿ ಸಮಿತಿಯ ಸಭೆಗಾಗಿ ಅದನ್ನು ತೆರೆಯಬೇಕಾಯಿತು. ಎರಡು ಇಳಕಲ್ಲ ಸೀರೆ, ಕಸೂತಿ ಹಾಕಿದ ಒಂದು ಕುಪ್ಪಸದ ಕಣ, ಮೈಸೂರು ಶೈಲಿಯ ಒಂದು ಸರಸ್ವತಿ ಪಟ, ಒಂದು ಬಿದರಿ ಹೂಜಿ, ಕಿನ್ನಾಳದ ಬೊಂಬೆಗಳ ಒಂದು ಜೋಡಿ, ಬಣ್ಣ ಮಾಸಿದ ಚನ್ನಪಟ್ಟಣದ ಆಟಿಗೆಗಳು, ಒಂದು ಕೈ ಮುರಿದ ಹನುಮಂತನ ತೊಗಲುಬೊಂಬೆ. ಇವೆಲ್ಲ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಮನೆಯವರು ಸಂಘಕ್ಕೆ ಕೊಟ್ಟವು. ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂಬುದಕ್ಕೆ ಒಂದು ಚೀಟಿಯೂ ಇಲ್ಲ. ಕೇಂದ್ರ ಸರ್ಕಾರದ ಗುಮಾಸ್ತರಾಗಿ ಇಪ್ಪತ್ತು ವರ್ಷ ಸ್ಟಾಕ್ ರಿಜಿಸ್ಟರು ಬರೆದ ನಾವೇ ಸಂಘದ ಸದಸ್ಯರಾಗಿರುವಾಗ ಹೀಗಾಯಿತಲ್ಲ ಎಂದು ನಾಚಿಕೆಯಾಯಿತು.

ಕೋಣೆಯ ಮಾಲೀಕರು ಜಾಗ ಬಿಡಿ ಎಂದಿದ್ದಾರೆ. ಹೊಸ ಕೋಣೆ ಚಿಕ್ಕದು, ಅಲಮಾರಿ ಅದರಲ್ಲಿ ಹಿಡಿಸುವುದಿಲ್ಲ. ಸಭೆಯಲ್ಲಿ ಒಬ್ಬ ಹಿರಿಯರು, "ಇವನ್ನೆಲ್ಲ ಅಜಬ್ ಬಂಗಲೆಗೆ ಕೊಟ್ಟುಬಿಡೋಣ, ನಾಲ್ಕು ಜನ ನೋಡುತ್ತಾರೆ" ಎಂದರು. ಇನ್ನೊಬ್ಬರು, "ಯಾಕೆ, ಅವರವರ ಮನೆಗೆ ವಾಪಸು ಕೊಡಿ" ಎಂದರು. ಮೊದಲನೆಯ ಸೂಚನೆಗೆ ಹೆಚ್ಚು ಕೈಗಳು ಎದ್ದವು. ನಾವು ಒಂದು ತಿಂಗಳ ಅವಕಾಶ ಬೇಡಿಕೊಂಡೆವು; ಅಷ್ಟರಲ್ಲಿ ನಮ್ಮ ಅಭಿಪ್ರಾಯವನ್ನು ಮಾಸಿಕದಲ್ಲಿ ಬರೆಯುತ್ತೇವೆಂದು ಮಾತು ಕೊಟ್ಟೆವು. ಆ ಋಣವನ್ನು ತೀರಿಸಲು ಈ ಲೇಖನ. ಕಲಾವಿಮರ್ಶೆ ನಮ್ಮ ಕಸುಬಲ್ಲ, ಓದಿದ್ದು ಬಿ.ಎಸ್ಸಿ., ಮಾಡುವುದು ಫೈಲಿನ ಕೆಲಸ. ಆದರೂ ಒಂದು ಸಂಗ್ರಹ ತನ್ನ ಸುತ್ತಲಿನ ಜನಕ್ಕೆ ಹೇಗೆ ಬೇಕಾದದ್ದಾಗುತ್ತದೆ ಎಂಬ ಪ್ರಶ್ನೆಯನ್ನು ಪಂಡಿತರಿಗೇ ಬಿಟ್ಟುಕೊಡಬೇಕಾಗಿಲ್ಲವೆಂದು ನಮ್ಮ ನಂಬಿಕೆ.

ಅಜಬ್ ಬಂಗಲೆಯ ವಿಷಯ ಮೊದಲು. ನಾಗಪುರದ ಸೆಂಟ್ರಲ್ ಮ್ಯೂಸಿಯಂ ಸ್ಥಾಪನೆಯಾದದ್ದು 1863ರಲ್ಲಿ. ಊರಿನ ಜನ ಅದಕ್ಕೆ ಅಜಬ್ ಬಂಗಲಾ ಎಂದು ಹೆಸರಿಟ್ಟರು. ವಿಚಿತ್ರಗಳ ಮನೆ ಎಂದರ್ಥ. ನಾವು ಗಾಂಧಿಬಾಗಿನಲ್ಲಿ ಮನೆ ಮಾಡಿದಂದಿನಿಂದ ಕಚೇರಿಗೆ ಹೋಗುವ ದಾರಿಯಲ್ಲಿ ಅದನ್ನು ದಿನವೂ ದಾಟಿದ್ದೇವೆ, ಮೊದಲು ಸಿಟಿ ಬಸ್ಸಿನಲ್ಲಿ, ಆಮೇಲೆ ಸ್ಕೂಟರಿನಲ್ಲಿ. ಒಳಗೆ ಕಾಲಿಟ್ಟದ್ದು ಇಪ್ಪತ್ತು ವರ್ಷದಲ್ಲಿ ಮೂರು ಸಲ. ಎರಡು ಸಲ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು, ಮೂರನೆಯ ಸಲ ಈ ಲೇಖನಕ್ಕಾಗಿ. ಗಾಂಧಿಬಾಗಿನ ಬಟ್ಟೆ ಅಂಗಡಿಯವರನ್ನು, ನಮ್ಮ ಓಣಿಯ ನೆರೆಹೊರೆಯವರನ್ನು ಕೇಳಿದೆವು. ಹೆಚ್ಚಿನವರು ಶಾಲೆಯಲ್ಲಿದ್ದಾಗ ಒಮ್ಮೆ ಹೋದವರು; ಹುಲಿಯ ಬೊಂಬೆ ನೆನಪಿದೆ ಎಂದರು. ಅದು ಬೊಂಬೆಯಲ್ಲ, ಚರ್ಮ ತುಂಬಿಟ್ಟ ನಿಜವಾದ ಪ್ರಾಣಿ ಎಂದು ಪ್ರಾಣಿಶಾಸ್ತ್ರ ಓದಿದ ಹುಮ್ಮಸ್ಸಿನಲ್ಲಿ ತಿದ್ದಲು ಹೋಗಿ ನಗೆಗೀಡಾದೆವು.

ಇದರಲ್ಲಿ ತಪ್ಪು ಮ್ಯೂಸಿಯಮ್ಮಿನದೆಂದು ನಾವು ಹೇಳುವುದಿಲ್ಲ. ಹೋಗದವರು ನಾವು. ಆದರೆ ಅಲ್ಲಿರುವ ವಸ್ತುಗಳು ಆಕಾಶದಿಂದ ಬಿದ್ದವಲ್ಲ. ಬಾಲಾಘಾಟ್ ಜಿಲ್ಲೆಯ ಗುಂಗೇರಿಯಾ ಎಂಬ ಹಳ್ಳಿಯಲ್ಲಿ 1870ರಲ್ಲಿ ದನ ಕಾಯುವ ಹುಡುಗರ ಕಣ್ಣಿಗೆ ಒಂದು ನಿಧಿ ಬಿತ್ತು. ತಾಮ್ರದ 424 ಆಯುಧೋಪಕರಣಗಳು, ಬೆಳ್ಳಿಯ 102 ತೆಳು ತಗಡುಗಳು. ಅದರ ಪಾಲುಗಳು ಹಲವು ಮ್ಯೂಸಿಯಂಗಳಿಗೆ ಹಂಚಿಹೋದವು, ನಾಗಪುರಕ್ಕೂ ಬಂತು, ಲಂಡನ್ನಿಗೂ ಹೋಯಿತು. ಕಂಡುಕೊಟ್ಟವರು ದನಗಾಹಿಗಳು, ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಆ ತಾಮ್ರವನ್ನು ನೋಡಬೇಕಾದರೆ ಟಿಕೆಟ್ಟು ಕೊಳ್ಳಬೇಕು. ಟಿಕೆಟ್ಟಿಗೆ ನಮ್ಮ ಆಕ್ಷೇಪವಿಲ್ಲ. ಟಿಕೆಟ್ಟು ಕೊಂಡು ನೋಡಿಹೋಗುವುದನ್ನು ಬಿಟ್ಟು ಅವರಿಗೆ ಅಲ್ಲಿ ಬೇರೆ ಯಾವ ಕೆಲಸವೂ ಇಲ್ಲವಲ್ಲ ಎಂಬುದೇ ನಮ್ಮ ಪ್ರಶ್ನೆ.

ಕನ್ನಡಿಗರಾದ ನಮಗೆ ಇಲ್ಲಿ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು. ನಾಗಪುರವೆಂಬ ಹೆಸರು ಮೊದಲ ಬಾರಿಗೆ ಬರಹದಲ್ಲಿ ಕಾಣುವುದು ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಶಾಸನದಲ್ಲಿ. ಶಕ 862, ಅಂದರೆ ಕ್ರಿ.ಶ. 940. ಬರೆಸಿದವನು ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. "ನಾಗಪುರ-ನಂದಿವರ್ಧನ" ಎಂಬ ವಿಷಯದಲ್ಲಿದ್ದ, ಎಂದರೆ ನಮ್ಮ ಭಾಷೆಯಲ್ಲಿ ಜಿಲ್ಲೆಯಲ್ಲಿದ್ದ, ಒಂದು ಹಳ್ಳಿಯನ್ನು ದಾನ ಕೊಟ್ಟ ಆಜ್ಞೆ ಅದು. ಭಾಷೆ ಸಂಸ್ಕೃತ. ಇದೇ ಕೃಷ್ಣನ ಕಾಲದ ಕನ್ನಡ ಶಾಸನವೊಂದು ಇನ್ನೂ ಉತ್ತರಕ್ಕೆ, ಮಧ್ಯಪ್ರದೇಶದ ಜೂರಾ ಎಂಬಲ್ಲಿ ಸಿಕ್ಕಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. ನಾವು ವರ್ಗಾವಣೆಯ ಆರ್ಡರು ಹಿಡಿದು ಇಲ್ಲಿಗೆ ಬಂದೆವು. ನಮಗಿಂತ ಸಾವಿರ ವರ್ಷ ಮೊದಲು ಆರ್ಡರೇ ತಾಮ್ರದ ತಗಡಿನಲ್ಲಿ ಬಂದಿತ್ತು. ಈ ಸಂಗತಿಯನ್ನು ನಮ್ಮ ಮಕ್ಕಳಿಗೆ ಹೇಳಿದವರು ಯಾರು? ನಾವು ಹೇಳಲಿಲ್ಲ. ಮರಾಠಿ ಶಾಲೆ ಹೇಳಬೇಕಾಗಿಯೂ ಇರಲಿಲ್ಲ. ಇಂಥ ಕಡೆಯಲ್ಲಿ ಒಂದು ಕನ್ನಡ ಸಂಘ ಒಂದು ಮ್ಯೂಸಿಯಮ್ಮಿಗೆ ಉಪಯೋಗಕ್ಕೆ ಬರಬಹುದು, ಮ್ಯೂಸಿಯಂ ಸಂಘಕ್ಕೆ ಉಪಯೋಗಕ್ಕೆ ಬರಬಹುದು. ರಾಷ್ಟ್ರಕೂಟರ ವಿಷಯದಲ್ಲಿ ಕನ್ನಡದಲ್ಲಿ ಬಂದ ಪುಸ್ತಕಗಳನ್ನು ಓದಿ ಹೇಳಬಲ್ಲವರು ನಮ್ಮ ನಡುವೆ ನಾಲ್ಕಾರು ಮಂದಿ ನಿವೃತ್ತರಿದ್ದಾರೆ.

ಪಾಲುಗಾರಿಕೆ ಎಂಬ ಮಾತು ಈಗ ಎಲ್ಲರ ಬಾಯಲ್ಲಿ. ಸರ್ಕಾರದ ಸುತ್ತೋಲೆಗಳಲ್ಲಿಯೂ ಹೇರಳವಾಗಿ ಬರುತ್ತದೆ. ನಾವೇ ಎಷ್ಟೋ ಸಲ ಟೈಪು ಮಾಡಿದ್ದೇವೆ. ಅದರ ಅರ್ಥ ತಿಳಿಯಬೇಕಾದರೆ ಇತವಾರಿಯ ಮಸಾಲೆ ಅಂಗಡಿಗೆ ಹೋಗಬೇಕು. ಅಲ್ಲಿ ದಗಡಫೂಲ್ ಎಂದು ಮಾರುತ್ತಾರೆ, ನಮ್ಮ ಕಡೆ ಕಲ್ಲುಹೂವು ಎನ್ನುತ್ತೇವೆ. ಸಾವಜಿ ಅಡಿಗೆಯ ಮಸಾಲೆಗೂ ಬೇಕು, ನಮ್ಮ ಕೆಲವರ ಮನೆಯ ಸಾರಿನ ಪುಡಿಗೂ ಬೇಕು. ಅದು ಹೂವೂ ಅಲ್ಲ, ಒಂದು ಸಸ್ಯವೂ ಅಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಸೇರಿ ಬಾಳುವ ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತದೆ, ತೇವ ಹಿಡಿದಿಡುತ್ತದೆ. ಪಾಚಿ ಬಿಸಿಲಿನಿಂದ ಆಹಾರ ಮಾಡುತ್ತದೆ. ಬರೀ ಬಂಡೆಯ ಮೇಲೆ ಆ ಶಿಲೀಂಧ್ರವನ್ನು ಒಂದನ್ನೇ ಬಿಟ್ಟರೆ ಅದು ಉಪವಾಸ ಸಾಯುತ್ತದೆ. ಅದರಲ್ಲಿ ಯಾರು ಯಾರಿಗೂ ದಾನ ಮಾಡುತ್ತಿಲ್ಲವೆಂಬುದನ್ನು ಗಮನಿಸಬೇಕು. ಸಂಗ್ರಹಾಲಯಗಳು ಮಾಡಿಕೊಳ್ಳುವ ಒಪ್ಪಂದಗಳನ್ನು ಈ ಕಲ್ಲುಹೂವಿನ ಪಕ್ಕದಲ್ಲಿಟ್ಟು ನೋಡಬೇಕೆಂದು ನಮಗೆ ತೋರುತ್ತದೆ.

ನಮ್ಮ ನಾಡಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ಮ್ಯೂಸಿಯಮ್ಮಿನ ಪಕ್ಕದಲ್ಲಿ, ವೆಂಕಟಪ್ಪ ಚಿತ್ರಶಾಲೆ ಇದೆ. ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು, ಮೈಸೂರು ಅರಮನೆಯ ಆಶ್ರಯದಲ್ಲಿ ಕೆಲಸ ಮಾಡಿದವರು, ವೀಣೆಯನ್ನೂ ಕಠಿಣ ಸಾಧನೆಯಿಂದ ಕಲಿತವರು. ಅವರ ಊಟಿಯ ಜಲವರ್ಣ ದೃಶ್ಯಗಳ ಮುಂದೆ ನಿಂತಾಗ ಮಂಜಿನ ಚಳಿ ಮೈಗೆ ತಾಗುತ್ತದೆ. ಕೆ.ಕೆ. ಹೆಬ್ಬಾರರ ಚಿತ್ರಗಳೂ ಆ ಕಟ್ಟಡದಲ್ಲಿವೆ. ಇಷ್ಟೇ ಆಗಿದ್ದರೆ ಅದು ಇನ್ನೊಂದು ಮ್ಯೂಸಿಯಂ ಆಗಿಬಿಡುತ್ತಿತ್ತು. ಆದರೆ ಅದರ ಸಭಾಂಗಣಗಳನ್ನು ಅಲ್ಪ ಬಾಡಿಗೆಗೆ ಕಲಾವಿದರಿಗೆ ಕೊಡುತ್ತಿದ್ದರು. ಊರಿನಿಂದ ಬಂದ ಹುಡುಗ, ಹೆಸರಿಲ್ಲದವನು, ತನ್ನ ಮೊದಲ ಪ್ರದರ್ಶನವನ್ನು ವೆಂಕಟಪ್ಪನವರ ಸೂರಿನಡಿ ಇಡಬಹುದಿತ್ತು. ಹಾಗಾಗಿ ಅದು ಮೂರು ತಲೆಮಾರಿನ ಕಲಾವಿದರ ಮನೆಯಾಯಿತು.

2015ರಲ್ಲಿ ರಾಜ್ಯದ ಪ್ರವಾಸೋದ್ಯಮ ಇಲಾಖೆ ಆ ಚಿತ್ರಶಾಲೆಯ ವಿಷಯವಾಗಿ ತಸ್ವೀರ್ ಫೌಂಡೇಶನ್ ಎಂಬ ಖಾಸಗಿ ಸಂಸ್ಥೆಯೊಡನೆ ಒಡಂಬಡಿಕೆ ಮಾಡಿಕೊಂಡಿತು. ಖಾಸಗಿಯವರು ಹಣ, ಪರಿಣತಿ ತರುವುದು, ಚಿತ್ರಶಾಲೆಯನ್ನು ಹೊಸದಾಗಿ ರೂಪಿಸುವುದು ಉದ್ದೇಶ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಪಾಲುಗಾರಿಕೆ ಬೇಕೆ? ಆದರೆ 2016ರಲ್ಲಿ ಕಲಾವಿದರು ಒಗ್ಗಟ್ಟಾಗಿ ಎದ್ದರು. ಚಿತ್ರಶಾಲೆಯ ಅಂಗಳದಲ್ಲಿ ಸಭೆ, ಹಾಡು, ಚಿತ್ರ ಬರೆಯುವುದು ನಡೆದವು. ಅವರ ಮುಖ್ಯ ದೂರು ಹಣದ ಬಗ್ಗೆ ಇರಲಿಲ್ಲ. ನಮ್ಮನ್ನು ಕೇಳಲಿಲ್ಲ ಎಂಬುದಾಗಿತ್ತು. ಆ ಒಡಂಬಡಿಕೆ ಕಾರ್ಯರೂಪಕ್ಕೆ ಬರಲಿಲ್ಲ. ಫೌಂಡೇಶನ್ನಿನ ಹಿಂದಿದ್ದ ಸಂಗ್ರಾಹಕ ಅಭಿಷೇಕ್ ಪೋದ್ದಾರರು ಅದೇ ಕಸ್ತೂರಬಾ ರಸ್ತೆಯಲ್ಲಿ ಸ್ವಂತವಾಗಿ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಕಟ್ಟಿಸಿದರು. 2023ರ ಫೆಬ್ರವರಿಯಲ್ಲಿ ಅದು ಜನರಿಗೆ ತೆರೆಯಿತು.

ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಖಳನಾಯಕರು ಯಾರೂ ಇಲ್ಲ. ಪೋದ್ದಾರರ ಕಲಾಪ್ರೀತಿ ಸುಳ್ಳಲ್ಲವೆಂಬುದಕ್ಕೆ ಆ ಹೊಸ ಕಟ್ಟಡವೇ ಸಾಕ್ಷಿ. ಇಲಾಖೆ ಮಾಡಿದ ತಪ್ಪು, ಕಟ್ಟಡಕ್ಕೆ ಇಬ್ಬರೇ ಸಂಬಂಧಿಗಳೆಂದು ತಿಳಿದದ್ದು: ಒಡೆಯ ಮತ್ತು ದಾನಿ. ಬಾಡಿಗೆಗೆ ಸಭಾಂಗಣ ಹಿಡಿದು ಗೋಡೆಗೆ ಮೊಳೆ ಹೊಡೆದವರು ಮೂರನೆಯ ಪಾಲುಗಾರರಾಗಿ ಮೊದಲಿನಿಂದ ಇದ್ದರು, ಅವರ ಹೆಸರು ಯಾವ ಕಾಗದದಲ್ಲಿಯೂ ಇರಲಿಲ್ಲ ಅಷ್ಟೇ. ಕಲಾವಿದ ಮಿತ್ರರು ಬೇಸರಪಡದಿದ್ದರೆ ಅವರಿಗೂ ಒಂದು ಮಾತು ಹೇಳಬಹುದು. ಸುತ್ತಲಿನ ಸಮಾಜವೆಂದರೆ ಕಲಾವಿದರಷ್ಟೇ ಅಲ್ಲ. ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಕಬ್ಬನ್ ಪಾರ್ಕಿಗೆ ಬಂದು ಕಡಲೆಕಾಯಿ ತಿಂದು ಹೋಗುವ ಸಂಸಾರವೂ ನೆರೆಯೇ. ಅವರು ಆ ಮೆಟ್ಟಲು ಹತ್ತುವಂತೆ ಮಾಡುವ ಚಳವಳಿಯೂ ಒಂದು ಬೇಕು.

ನಮಗೆ ಹತ್ತಿರದ ಊರು ಭೋಪಾಲ. 1982ರಲ್ಲಿ ಅಲ್ಲಿ ಭಾರತ ಭವನ ತೆರೆಯಿತು. ಕಟ್ಟಡ ಚಾರ್ಲ್ಸ್ ಕೊರಿಯಾ ಅವರದು, ಚಿತ್ರಶಾಲೆಯ ಹೊಣೆ ಜೆ. ಸ್ವಾಮಿನಾಥನ್ ಅವರದು. ಸ್ವಾಮಿನಾಥನ್ ಒಂದು ದೊಡ್ಡ ಕೆಲಸ ಮಾಡಿದರು. ಕಲಾ ವಿದ್ಯಾರ್ಥಿಗಳ ತಂಡಗಳನ್ನು ಮಧ್ಯಪ್ರದೇಶದ ಹಳ್ಳಿಗಳಿಗೆ ಕಳಿಸಿ, ಆದಿವಾಸಿಗಳ ಕೆಲಸವನ್ನು ತರಿಸಿ, ನಗರದ ಆಧುನಿಕ ಕಲೆಯ ಸರಿಸಮಕ್ಕೆ ಇಟ್ಟರು. ಹಾಗೆ ಹೋದ ತಂಡಕ್ಕೆ ಪಾಟನಗಢವೆಂಬ ಗೊಂಡ ಹಳ್ಳಿಯಲ್ಲಿ ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದ ತರುಣ ಜನಗಢ ಸಿಂಗ್ ಶ್ಯಾಮ್ ಸಿಕ್ಕಿದ. ಅವನು ಭೋಪಾಲಕ್ಕೆ ಬಂದ, ಹೆಸರಾದ. 1989ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಅವನ ಚಿತ್ರಗಳಿದ್ದವು. ಅವನ ಹಿಂದೆ ಬಂಧುಬಳಗದವರು ಬಂದರು. ಇಂದು ಗೊಂಡ ಚಿತ್ರಕಲೆ ಎಂದು ಜಗತ್ತು ಕರೆಯುವುದರ ದೊಡ್ಡ ಪಾಲು ಅವನು ಹಾಕಿದ ದಾರಿ. ಆದರೆ 2001ರಲ್ಲಿ, ಜಪಾನಿನ ಮಿಥಿಲಾ ಮ್ಯೂಸಿಯಮ್ಮಿನಲ್ಲಿ ಚಿತ್ರ ಬರೆಯಲು ಹೋಗಿದ್ದವನು, ದೂರದ ಆ ಊರಿನಲ್ಲಿ ಪ್ರಾಣ ಕಳೆದುಕೊಂಡ. ನಲವತ್ತು ತುಂಬಿರಲಿಲ್ಲ. ಆ ಸಾವಿಗೆ ಕಾರಣ ಹುಡುಕುವುದು ನಮ್ಮ ಕೆಲಸವಲ್ಲ. ಆದರೂ, ಸಂಗ್ರಹಾಲಯ ಹಳ್ಳಿಯಿಂದ ಒಬ್ಬನನ್ನು ಎತ್ತಿ ತರುವುದು ಮತ್ತು ಸಂಗ್ರಹಾಲಯವೇ ಹಳ್ಳಿಗೆ ನೆರೆಯಾಗುವುದು, ಈ ಎರಡರ ನಡುವೆ ಬಹಳ ಅಂತರವಿದೆಯೆಂದು ಆ ಸುದ್ದಿಯನ್ನು ನೆನೆದಾಗಲೆಲ್ಲ ಅನ್ನಿಸುತ್ತದೆ.

ಅದೇ ಭೋಪಾಲದ ಶಾಮಲಾ ಗುಡ್ಡದ ಮೇಲೆ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯವಿದೆ, ಸುಮಾರು 200 ಎಕರೆ. ಅದರ ಬಯಲು ವಿಭಾಗದಲ್ಲಿ ಬೇರೆ ಬೇರೆ ಸಮುದಾಯಗಳ ಮನೆಗಳನ್ನು ಕಟ್ಟಿದ್ದಾರೆ, ಮತ್ತು ಕಟ್ಟಿದವರು ಆಯಾ ಸಮುದಾಯದವರೇ. ಕಂಟ್ರಾಕ್ಟರು ನಕ್ಷೆ ನೋಡಿ ಕಟ್ಟಿದ್ದಲ್ಲ. ಮಣ್ಣಿನ ಗೋಡೆಗೂ ಹುಲ್ಲಿನ ಸೂರಿಗೂ ಆಯುಷ್ಯ ಕಡಿಮೆ. ಹಾಳಾದಾಗ ಅದನ್ನು ಸರಿಪಡಿಸಲು ಬಲ್ಲವರೇ ಬೇಕು. ಹೀಗೆ ವಸ್ತುವಿನ ಸ್ವಭಾವದಲ್ಲಿಯೇ ಮತ್ತೆ ಮತ್ತೆ ಕೂಡಬೇಕಾದ ಅಗತ್ಯ ಸೇರಿಕೊಂಡಿದೆ. ನಮ್ಮ ಕಲ್ಲುಹೂವಿಗೆ ಹತ್ತಿರದ ಸಂಗ್ರಹಾಲಯವಿದು. ಮೈಸೂರಿನ ವೆಲ್ಲಿಂಗ್ಟನ್ ಹೌಸಿನಲ್ಲಿ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ರಜೆಯಲ್ಲಿ ಮೈಸೂರಿಗೆ ಹೋಗುವವರು ಅರಮನೆ ನೋಡಿದ ಮೇಲೆ ಅಲ್ಲಿಗೂ ಒಂದು ಗಂಟೆ ಕೊಡಬಹುದು.

ಹೊರದೇಶದ ಒಂದು ಉದಾಹರಣೆ ನಮಗೆ ಬಹಳ ಮೆಚ್ಚಿಗೆಯಾದದ್ದು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ 1967ರಲ್ಲಿ ವಾಷಿಂಗ್ಟನ್ನಿನ ಅನಕೋಸ್ಟಿಯಾ ಎಂಬ ಕಪ್ಪು ಜನರ ಬಡಾವಣೆಯಲ್ಲಿ, ಒಂದು ಹಳೆಯ ಸಿನಿಮಾ ಮಂದಿರದಲ್ಲಿ, ನೆರೆಹೊರೆಯ ಮ್ಯೂಸಿಯಂ ತೆರೆಯಿತು. 1969ರಲ್ಲಿ ಅಲ್ಲಿ ನಡೆದ ಪ್ರದರ್ಶನದ ವಿಷಯ ಇಲಿ! ಆ ಬಡಾವಣೆಯ ಮನೆಗಳಲ್ಲಿ ಇಲಿಗಳ ಕಾಟ. ಮಕ್ಕಳ ಬಾಯಲ್ಲಿ ಅದೇ ಮಾತು. ಮ್ಯೂಸಿಯಂ ಅದನ್ನು ಕೀಳೆಂದು ಬಗೆಯದೆ ಜೀವಂತ ಇಲಿಗಳನ್ನೇ ತಂದು ತೋರಿಸಿತು. ಗಾಂಧಿಬಾಗಿನ ಬಟ್ಟೆ ಗೋದಾಮುಗಳವರು ಇಂಥ ಪ್ರದರ್ಶನಕ್ಕೆ ಮುಗಿಬೀಳುತ್ತಾರೆಂಬುದರಲ್ಲಿ ಸಂಶಯವಿಲ್ಲ.

ನಾಗಪುರದಲ್ಲಿ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರವಿದೆ, 1986ರಿಂದ. ಕರ್ನಾಟಕವೂ ಅದರ ಸದಸ್ಯ ರಾಜ್ಯ. ಅದರ ಕರಕುಶಲ ಮೇಳದಲ್ಲಿ ನಮ್ಮ ನಾಡಿನವರ ಅಂಗಡಿ ಕಂಡರೆ ಕನ್ನಡ ಮಾತಾಡಿ ನಾಲ್ಕು ಆಟಿಗೆ ಕೊಂಡು ಬರುತ್ತೇವೆ. ಅದು ಸಂತೋಷವೇ. ಮೇಳ ಮುಗಿದ ಮೇಲೆ ಅವರೂ ಹೋಗುತ್ತಾರೆ, ನಾವೂ ಮರೆಯುತ್ತೇವೆ.

ಈಗ ಅಲಮಾರಿಗೆ ಬರೋಣ. 2011ರ ರಾಜ್ಯೋತ್ಸವಕ್ಕೆ ಗಾಂಧಿಬಾಗಿನಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ನಮ್ಮ ಸಂಘದವರು ಇದೇ ವಸ್ತುಗಳ ಪ್ರದರ್ಶನ ಮಾಡಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ವಸ್ತುಗಳು, ಮುಂದೆ "ಮುಟ್ಟಬೇಡಿ" ಎಂದು ಮೂರು ಭಾಷೆಯಲ್ಲಿ ಫಲಕ. ಫಲಕ ಬರೆದವರು ನಾವೇ. ಬಂದವರು ನಮ್ಮವರೇ, ನೋಡಿದರು, ಉಪ್ಪಿಟ್ಟು ಕೇಸರಿಬಾತು ತಿಂದರು, ಹೋದರು. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮುದುಕರು ನಿಂತಿದ್ದರು. ಧೋತರ, ಬಿಳಿ ಟೋಪಿ. ಒಳಗೆ ಬರಬಹುದೇ ಎಂದು ಮರಾಠಿಯಲ್ಲಿ ಕೇಳಿದರು. ಕೋಷ್ಟಿ ನೇಕಾರರು, ಹಿಂದೆ ಮನೆಯಲ್ಲೇ ಮಗ್ಗವಿತ್ತಂತೆ. ನೇರವಾಗಿ ಇಳಕಲ್ಲ ಸೀರೆಯ ಹತ್ತಿರ ಹೋಗಿ, ಬಗ್ಗಿ, ಕನ್ನಡಕ ಮೇಲೆತ್ತಿ, ಸೆರಗು ಮೈಯನ್ನು ಕೂಡುವ ಜಾಗವನ್ನು ನೋಡುತ್ತ ನಿಂತರು. ಆಮೇಲೆ ಕೇಳಿದರು: ಮೈ ಹತ್ತಿ, ಸೆರಗು ರೇಶಿಮೆ, ಹಾಸು ಬೇರೆ ಬೇರೆ. ಹೊಲಿಗೆಯೂ ಕಾಣುವುದಿಲ್ಲ, ಗಂಟೂ ಕಾಣುವುದಿಲ್ಲ. ಹೇಗೆ ಕೂಡಿಸಿದರು?

ನಾವು ಸಂಘದ ಐವರು ಪದಾಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಫಲಕದಲ್ಲಿ "ಇಳಕಲ್ಲ ಸೀರೆ, ಬಾಗಲಕೋಟೆ ಜಿಲ್ಲೆ" ಎಂದಷ್ಟೇ ಇತ್ತು. ಆಗ ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ನಮ್ಮ ಬಾಗಲಕೋಟೆ ಕಡೆಯ ಅಜ್ಜಿ ಎದ್ದು ಬಂದರು. ಅವರ ಸೀರೆಯೇ ಅದು. ಫಲಕವನ್ನು ಪಕ್ಕಕ್ಕೆ ಸರಿಸಿ ಸೀರೆಯನ್ನೆತ್ತಿ ಮುದುಕರ ಕೈಯಲ್ಲಿಟ್ಟರು. "ಹಿಡಕೊಂಡ್ ನೋಡಪಾ, ಕಣ್ಣಿಗಿಂತ ಬಟ್ಟಿಗೆ ತಿಳೀತದ. ಇದಕ್ಕ ಕೊಂಡಿ ಅಂತಾರ ನಮ್ಮ ಕಡೆ." ತಮ್ಮ ಮುರುಕು ಮರಾಠಿಗೆ ಕನ್ನಡ ಬೆರೆಸಿ, ಮೈಯ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವುದನ್ನು ಎರಡು ಕೈಯ ತೋರುಬೆರಳುಗಳನ್ನು ಒಂದರೊಳಗೊಂದು ಸಿಕ್ಕಿಸಿ ತೋರಿಸಿದರು. ಆತ, "ಆಜೀ, ನಮ್ಮಲ್ಲಿ ಹೀಗಿಲ್ಲ" ಎಂದು ತಮ್ಮ ಕಡೆಯ ಅಂಚಿನ ಕೆಲಸವನ್ನು ವಿವರಿಸತೊಡಗಿದರು. ಒಂದು ಗಂಟೆ ಇಬ್ಬರೂ ಮಾತಾಡಿದರು. ಹೋಗುವಾಗ ಮುದುಕರು ಉಪ್ಪಿಟ್ಟನ್ನೂ ತಿನ್ನಲಿಲ್ಲ, ನಾಳೆ ಮಗನನ್ನು ಕರೆತರುತ್ತೇನೆ ಎಂದರು. ನಾಳೆಗೆ ನಮ್ಮ ಹಾಲ್ ಬುಕ್ ಆಗಿರಲಿಲ್ಲ. ಅಂದೇ ಸಂಜೆ ಎಲ್ಲವನ್ನೂ ಮಡಿಸಿ ಅಲಮಾರಿಗೆ ಸೇರಿಸಿದೆವು.

ಅಜ್ಜಿ ಈಗ ಇಲ್ಲ. ಆ ಮುದುಕರ ವಿಳಾಸವನ್ನು ನಾವು ಕೇಳಿರಲಿಲ್ಲ.

ಆ ಒಂದು ಗಂಟೆಯಲ್ಲಿ ನಡೆದದ್ದನ್ನೇ ನಾವು ಪಾಲುಗಾರಿಕೆ ಎನ್ನುತ್ತೇವೆ. ನೋಡಲು ಬಂದವರಿಗೆ ಸಂಗ್ರಹದ ಒಡೆಯರಿಗಿಂತ ಹೆಚ್ಚು ತಿಳಿದಿತ್ತು. ಅವರು ಕೇಳಿದ ಪ್ರಶ್ನೆಯಿಂದ ನಮ್ಮ ವಸ್ತು ಏನೆಂದು ನಮಗೆ ಮೊದಲ ಸಲ ಗೊತ್ತಾಯಿತು. ಈ ಊರು ನೇಯ್ಗೆಯ ಊರು. 1877ರಲ್ಲಿ ಜಮಶೇಟ್‌ಜಿ ಟಾಟಾ ಎಂಪ್ರೆಸ್ ಮಿಲ್ಲನ್ನು ಇಲ್ಲಿ ತೆರೆದರು. ಆ ಮಿಲ್ಲಿನ ನೆಲದಲ್ಲಿ ಈಗ ಅದೇ ಹೆಸರಿನ ಮಾಲ್ ಇದೆ. ಮಗ್ಗವೂ ಮಿಲ್ಲೂ ಹೋದರೂ ಬಟ್ಟೆಯನ್ನು ಬೆರಳಿನಿಂದ ಓದಬಲ್ಲವರು ಇತವಾರಿ, ಗಾಂಧಿಬಾಗಿನ ಗದ್ದಿಗಳ ಮೇಲೆ ಇನ್ನೂ ಕೂತಿದ್ದಾರೆ. ಅವರಲ್ಲಿ ಯಾರನ್ನೂ ನಾವು ಆ ದಿನ ಆಮಂತ್ರಿಸಿರಲಿಲ್ಲ. ಆಮಂತ್ರಣ ಪತ್ರಿಕೆ ಕನ್ನಡದಲ್ಲಿ ಮಾತ್ರ ಅಚ್ಚಾಗಿತ್ತು.

ಇನ್ನು ಸೆಂಟ್ರಲ್ ಅವೆನ್ಯೂದ ಚಿತಾರ್ ಓಳಿ. ಗಣಪತಿ, ದುರ್ಗೆಯರನ್ನು ಮಾಡುವ ಮೂರ್ತಿಕಾರರ ಸಾಲು. ಆ ಹೆಸರಿನಲ್ಲಿಯೇ ಚಿತ್ರಗಾರರು ಇದ್ದಾರೆ. ನಮ್ಮ ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಬೊಂಬೆ ಮಾಡುವವರೂ ಚಿತ್ರಗಾರರೇ. ಹಗುರ ಮರ, ಹುಣಸೆ ಬೀಜದ ಅಂಟು, ಅದರ ಮೇಲೆ ಬಣ್ಣ. ನಮ್ಮ ಅಲಮಾರಿಯ ಕಿನ್ನಾಳದ ಗೊಂಬೆಯ ಮೂಗಿನ ಬಣ್ಣ ಎದ್ದಿದೆ. ಅದನ್ನು ಮುಟ್ಟಬೇಕೋ ಬಿಡಬೇಕೋ ಎಂದು ಕೇಳಲು ಚಿತಾರ್ ಓಳಿಗಿಂತ ಹತ್ತಿರದ ಪಂಡಿತರು ನಮಗೆ ಯಾರಿದ್ದಾರೆ? ಇದೇ ಹಳೆಯ ಊರಿನಲ್ಲಿ ಪೋಳಾದ ಮರುದಿನ ಕಾಳಿ ಮಾರ್ಬತ್, ಪಿಳಿ ಮಾರ್ಬತ್ ಎಂಬ ದೊಡ್ಡ ಬೊಂಬೆಗಳ ಮೆರವಣಿಗೆ ಹೊರಡುತ್ತದೆ, 1880ರ ದಶಕದಿಂದ. ವರ್ಷವೂ ಕಟ್ಟುತ್ತಾರೆ, ವರ್ಷವೂ ಊರ ಹೊರಗೆ ಸುಡುತ್ತಾರೆ. ಯಾವ ಮ್ಯೂಸಿಯಂ ಅದನ್ನು ಇಟ್ಟುಕೊಳ್ಳಬಲ್ಲದು? ಕಟ್ಟುವ ಕೈಗಳನ್ನಾದರೂ ಕರೆಯಬಹುದು.

ಆದ್ದರಿಂದ ಸಮಿತಿಯ ಮುಂದೆ ನಮ್ಮ ಟಿಪ್ಪಣಿ ಹೀಗಿದೆ. ವಸ್ತುಗಳನ್ನು ಈಗಲೇ ಅಜಬ್ ಬಂಗಲೆಗೆ ಕೊಡುವುದು ಬೇಡ. ಒಮ್ಮೆ ಸರ್ಕಾರದ ರಿಜಿಸ್ಟರಿನಲ್ಲಿ ಸಂಖ್ಯೆ ಬಿದ್ದ ಮೇಲೆ ಸೀರೆಯನ್ನೆತ್ತಿ ಯಾರ ಕೈಯಲ್ಲಿಯೂ ಇಡಲು ಬರುವುದಿಲ್ಲ. ಬರಲೂ ಬಾರದು, ಅವರ ನಿಯಮ ಅವರಿಗೆ ಸರಿ. ಅದಕ್ಕಿಂತ ಮುಖ್ಯ, ಇಂದು ಕೊಟ್ಟರೆ ನಾವು ಕೊಡುವುದು ಹೆಸರಿಲ್ಲದ ಬಟ್ಟೆ, ಹೆಸರಿಲ್ಲದ ಬೊಂಬೆ. ಅವರೂ ಅದನ್ನು ಏನು ಮಾಡಿಯಾರು? ಮನೆಗಳಿಗೆ ವಾಪಸು ಕೊಡುವುದೂ ಬೇಡ. ಕೆಲವು ಮನೆಗಳೇ ಈಗ ನಾಗಪುರದಲ್ಲಿಲ್ಲ, ಪುಣೆಗೋ ಬೆಂಗಳೂರಿಗೋ ಹೋಗಿವೆ. ಮೊದಲು ಒಂದು ರಿಜಿಸ್ಟರು ಬರೆಯೋಣ. ಕೊಟ್ಟವರು ಯಾರು, ಮಾಡಿದ ಊರು ಯಾವುದು, ಹೇಗೆ ಮಾಡುತ್ತಾರೆ ಎಂಬ ಮೂರು ಕಲಮುಗಳು ನಮ್ಮವರಿಂದ ತುಂಬಬೇಕು. ನಾಲ್ಕನೆಯ ಕಲಮು ನೆರೆಯವರಿಗೆ: ಇದನ್ನು ನೋಡಿ ಅವರು ಕೇಳಿದ ಪ್ರಶ್ನೆ, ಹೇಳಿದ ಮಾತು. ಬಿದರಿ ಹೂಜಿಯ ಕಪ್ಪು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ನಾವು ಹೇಳಬಲ್ಲೆವು; ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ನಮ್ಮ ಬಿ.ಎಸ್ಸಿ. ಇಷ್ಟಕ್ಕಾದರೂ ಒದಗಲಿ. ಆದರೆ ತೊಗಲುಬೊಂಬೆಯ ಮುರಿದ ಕೈಯ ವಿಷಯ ನಮಗೆ ತಿಳಿಯದು.

ನಾಲ್ಕು ಕಲಮು ತುಂಬಿದ ಮೇಲೆ ಮ್ಯೂಸಿಯಮ್ಮಿನ ಕ್ಯುರೇಟರರಿಗೆ ಒಂದು ಅರ್ಜಿ ಬರೆಯೋಣ, ದಾನದ ಅರ್ಜಿಯಲ್ಲ. ವರ್ಷಕ್ಕೊಂದು ದಿನ, ಅವರ ಒಂದು ಕೋಣೆಯಲ್ಲಿ, ನಮ್ಮ ವಸ್ತುಗಳೊಡನೆ ನಾವೂ, ಗಾಂಧಿಬಾಗಿನ ನೇಕಾರ ಮನೆತನದವರೂ, ಚಿತಾರ್ ಓಳಿಯವರೂ ಕೂತು ಮಾತಾಡಲು ಜಾಗ ಕೊಡುವಿರಾ ಎಂದು. ದೇವಳಿಯ ಶಾಸನದ ಕಥೆಯನ್ನು ಕನ್ನಡ, ಮರಾಠಿ ಎರಡರಲ್ಲೂ ಮಕ್ಕಳಿಗೆ ಹೇಳುವ ಹೊಣೆ ನಾವು ಹೊರುತ್ತೇವೆ ಎಂದು. ಅವರು ಒಪ್ಪದಿದ್ದರೆ ನಮ್ಮ ಚಿಕ್ಕ ಕೋಣೆಯಲ್ಲೇ ಕೂತರಾಯಿತು. ದೂರದ ನೆವವೂ ಈಗಿಲ್ಲ. 2022ರ ಡಿಸೆಂಬರಿನಿಂದ ಸೆಂಟ್ರಲ್ ಅವೆನ್ಯೂದ ಮೇಲೆ ಮೆಟ್ರೋ ಓಡುತ್ತಿದೆ. ಚಿತಾರ್ ಓಳಿ ಚೌಕದಲ್ಲಿ ಹತ್ತಿ ಸೀತಾಬರ್ಡಿಯಲ್ಲಿ ಬದಲಿಸಿ ಝೀರೋ ಮೈಲಿನಲ್ಲಿ ಇಳಿದರೆ ಅಜಬ್ ಬಂಗಲೆ ಅಲ್ಲಿಂದ ಹತ್ತಿರ.

ಹೊಸ ಕೋಣೆಗೆ ಅಲಮಾರಿ ಹಿಡಿಸುವುದಿಲ್ಲವೆಂಬ ತೊಡಕು ಉಳಿಯಿತು. ರಿಜಿಸ್ಟರ್ ಮುಗಿಯುವವರೆಗೆ ಅದು ನಮ್ಮ ಮನೆಯ ಪಡಸಾಲೆಯಲ್ಲಿರಲಿ ಎಂದು ನಮ್ಮ ಮನೆಯವರು ಒಪ್ಪಿದ್ದಾರೆ, ಹೊಲಿಗೆ ಯಂತ್ರವನ್ನು ಒಳಗೆ ಸರಿಸಬೇಕಾಗುತ್ತದೆ. ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತೆರೆದು ಬರೆಯಲು ಕೂಡುತ್ತೇವೆ. ಈ ವಸ್ತುಗಳನ್ನು ಕೊಟ್ಟ ಮನೆಯವರು, ಅಥವಾ ಕೊಟ್ಟದ್ದನ್ನು ಕಂಡವರು, ದಯವಿಟ್ಟು ಬರಬೇಕು. ಬರುವಾಗ ನೆರೆಯವರೊಬ್ಬರನ್ನು ಕರೆತರಬೇಕು, ಮರಾಠಿಯವರಾದರೆ ಇನ್ನೂ ಒಳ್ಳೆಯದು. ಧೋತರ, ಬಿಳಿ ಟೋಪಿಯ ಆ ಕೋಷ್ಟಿ ಹಿರಿಯರನ್ನೋ ಅವರ ಮಗನನ್ನೋ ಬಲ್ಲವರು ಯಾರಾದರೂ ಇದ್ದರೆ ನಮಗೆ ತಿಳಿಸಬೇಕು. ಈ ಸಲ "ಮುಟ್ಟಬೇಡಿ" ಫಲಕ ಇರುವುದಿಲ್ಲ. ಕೈ ತೊಳೆದುಕೊಳ್ಳಲು ನೀರು, ಒರೆಸಿಕೊಳ್ಳಲು ಟವೆಲ್ಲು ಇಡುತ್ತೇವೆ.